ಸಾಕ್ಷಿ ನುಡಿದ ಕುದುರೆ

ಸಾಕಿದ ಪ್ರಾಣಿಗಳಲ್ಲಿ ಯಾವುದಕ್ಕೆ ತಾನು ಎಷ್ಟು ಋಣಿಯೆಂದು ಮನುಷ್ಯನು ಲೆಕ್ಕ ಹಾಕಲು ಕುಳಿತರೆ ಹಸುವಿನ ಹೆಸರು ಮೊದಲು ಬರುತ್ತದೆ. ಎತ್ತಿನದು ಅದರ ಬೆನ್ನಿಗೇ ಬರುತ್ತದೆ. ಕುದುರೆಯ ಸರದಿ ಬರುವ ಹೊತ್ತಿಗೆ ಲೆಕ್ಕ ಹಾಕುವವನಿಗೆ ಆಕಳಿಕೆ ಬಂದಿರುತ್ತದೆ. ರಣರಂಗ, ಅರಮನೆಯ ಮೆರವಣಿಗೆ, ಜಟಕಾ ಬಂಡಿ, ರೇಸಿನ ಮೈದಾನ - ಇಷ್ಟರಲ್ಲಿ ಅದರ ಕಥೆ ಮುಗಿಯಿತೆಂದು ಅನೇಕರ ಎಣಿಕೆ. ಆದರೆ ಬೆನ್ನ ಮೇಲೆ ಹೊತ್ತ ಭಾರವಲ್ಲದೆ ಇನ್ನೊಂದು ಭಾರವನ್ನೂ ಕುದುರೆ ಮನುಷ್ಯನಿಗಾಗಿ ಹೊತ್ತಿದೆ. ಮನುಷ್ಯನ ಮಕ್ಕಳನ್ನು ಕಾಡಲಿದ್ದ ಒಂದು ಮಾರಿಗೆ ತಾನು ಮೊದಲು ತುತ್ತಾಗಿ, ನೆಲಕ್ಕುರುಳಿ, ಅದು ಸಾಕ್ಷಿ ನುಡಿಯಿತು. ಮೂಕಪ್ರಾಣಿಯ ಆ ಸಾಕ್ಷ್ಯವನ್ನು ಕೇಳಿಸಿಕೊಳ್ಳಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು.

ಅಮೆರಿಕದ ಕ್ಯಾಲಿಫೋರ್ನಿಯದ ನಡುವೆ ಸ್ಯಾನ್ ವಾಕೀನ್ ಎಂಬ ವಿಶಾಲವಾದ ಕಣಿವೆಯಿದೆ. ಬೇಸಗೆಯಲ್ಲಿ ಅಲ್ಲಿ ಮಳೆಯೆಂಬುದಿಲ್ಲ. ಪೂರ್ವದ ಸಿಯೆರಾ ನೆವಾಡ ಪರ್ವತಗಳ ಹಿಮ ಕರಗಿ ಇಳಿದುಬರುವ ನೀರನ್ನು ಕಾಲುವೆಗಳಲ್ಲಿ ಹರಿಸಿ, ಬಿರುಬಿಸಿಲಿನ ಆ ಬಯಲನ್ನು ಅಲ್ಲಿನ ರೈತರು ಹಸಿರು ಮಾಡಿದರು. ಕುದುರೆ ಮಸಾಲೆ ಸೊಪ್ಪಿನ ಹೊಲಗಳು, ಹಣ್ಣಿನ ತೋಟಗಳು, ಹಾಲಿನ ಕೊಟ್ಟಿಗೆಗಳು ಎದ್ದವು. ಟ್ರ್ಯಾಕ್ಟರು ಆಗಿನ್ನೂ ಎಲ್ಲರ ಮನೆಯ ಮುಂದೆ ಬಂದು ನಿಂತಿರಲಿಲ್ಲ. ಉಳುವುದಕ್ಕೂ ಹೇರುವುದಕ್ಕೂ ಕುದುರೆಯೇ ಬೇಕಾಗಿತ್ತು.

1930ರ ಬೇಸಗೆಯಲ್ಲಿ ಈ ಕಣಿವೆಯ ಕುದುರೆಗಳು ಕಾಯಿಲೆ ಬಿದ್ದವು. ಮೊದಲು ಮೈ ಬಿಸಿಯಾಗುತ್ತಿತ್ತು. ಮೇವಿನ ಕಡೆ ಲಕ್ಷ್ಯವಿರುತ್ತಿರಲಿಲ್ಲ. ಬಳಿಕ ಪ್ರಾಣಿಯು ತಲೆಯನ್ನು ನೆಲದತ್ತ ಇಳಿಬಿಟ್ಟು ನಿಂತಲ್ಲಿಯೇ ತೂಕಡಿಸುತ್ತಿತ್ತು. ಕೆಲವು ಗೋಡೆಗೋ ಬೇಲಿಗೋ ಹಣೆಯನ್ನು ಒತ್ತಿ ನಿಂತುಬಿಡುತ್ತಿದ್ದವು. ಕೆಲವು ಗಾಣಕ್ಕೆ ಕಟ್ಟಿದ ಎತ್ತಿನಂತೆ ಗೊತ್ತುಗುರಿಯಿಲ್ಲದೆ ಸುತ್ತುತ್ತಿದ್ದವು. ತುಟಿ ಜೋತು ಬೀಳುತ್ತಿತ್ತು. ಬಾಯಿಗೆ ತೆಗೆದುಕೊಂಡ ಹುಲ್ಲನ್ನು ನುಂಗಲಾಗುತ್ತಿರಲಿಲ್ಲ. ಕೊನೆಗೆ ಕಾಲುಗಳು ಸೋತು ಪಕ್ಕಕ್ಕೆ ಉರುಳುತ್ತಿದ್ದವು. ಉರುಳಿದ ಮೇಲೂ, ಎಲ್ಲಿಗೋ ಓಡಬೇಕೆನ್ನುವಂತೆ, ಮಲಗಿದಲ್ಲಿಯೇ ನಾಲ್ಕು ಕಾಲುಗಳನ್ನೂ ಆಡಿಸುತ್ತಿದ್ದವು. ಆ ಒಂದು ಬೇಸಗೆಯಲ್ಲಿ ಸುಮಾರು 6,000 ಕುದುರೆಗಳಿಗೆ ಕಾಯಿಲೆ ತಗುಲಿತು. ಅವುಗಳಲ್ಲಿ ಸುಮಾರು ಅರ್ಧದಷ್ಟು ಸತ್ತವು. ಬದುಕಿದವುಗಳಲ್ಲಿಯೂ ಕೆಲವು ಮಂಕಾಗಿಯೇ ಉಳಿದವು. ಹೆಸರು ಹಿಡಿದು ಕರೆದರೆ ಕಿವಿ ನಿಮಿರಿಸುತ್ತಿದ್ದ ಪ್ರಾಣಿಗೆ ಯಜಮಾನನ ಗುರುತೇ ಹತ್ತದಂತಾಯಿತು.

ಕಾಯಿಲೆಯೇನೋ ಹೊಸದಲ್ಲ. 1912ರಲ್ಲಿ ಕ್ಯಾನ್ಸಸ್ ಮತ್ತು ಅದರ ನೆರೆಯ ಸೀಮೆಗಳಲ್ಲಿ ಇಂಥದೇ ಬೇನೆಯಿಂದ ಸುಮಾರು 35,000 ಕುದುರೆಗಳು ಸತ್ತಿದ್ದವು. ಬೂಷ್ಟು ಹಿಡಿದ ಮೇವು ಕಾರಣವೆಂದು ಕೆಲವರು, ಕೆಟ್ಟ ನೀರು ಕಾರಣವೆಂದು ಕೆಲವರು ಹೇಳಿದ್ದರು. ಮೇವನ್ನು ಬದಲಾಯಿಸಿದವರ ಕುದುರೆಯೂ ಸತ್ತಿತು, ಬದಲಾಯಿಸದವರದೂ ಸತ್ತಿತು. ಕಾರಣ ತಿಳಿಯದ ಕಾಯಿಲೆಗೆ ಔಷಧಿ ಹೇಳುವವರು ಎಲ್ಲ ದೇಶಗಳಲ್ಲಿಯೂ ಧಾರಾಳವಾಗಿ ಸಿಕ್ಕುತ್ತಾರೆ. ಹಿಮ ಬಿದ್ದೊಡನೆ ಕಾಯಿಲೆ ತಾನಾಗಿ ನಿಲ್ಲುತ್ತಿತ್ತು; ಅದರೊಡನೆ ಚರ್ಚೆಯೂ ನಿಲ್ಲುತ್ತಿತ್ತು.

ಈ ಬಾರಿ ಚರ್ಚೆ ಹಾಗೆ ನಿಲ್ಲದಂತೆ ನೋಡಿಕೊಂಡವರು ಕಾರ್ಲ್ ಫ್ರೆಡ್ರಿಕ್ ಮೇಯರ್. ಅವರು 1884ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿ, ಪಶುವೈದ್ಯವನ್ನು ಓದಿ, ದಕ್ಷಿಣ ಆಫ್ರಿಕದಲ್ಲಿ ದನಕರುಗಳ ರೋಗಗಳ ಮೇಲೆ ಕೆಲಸ ಮಾಡಿ, ಅನಂತರ ಅಮೆರಿಕಕ್ಕೆ ಬಂದು ಸ್ಯಾನ್ ಫ್ರಾನ್ಸಿಸ್ಕೋದ ಹೂಪರ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಡಬ್ಬಿಯಲ್ಲಿ ತುಂಬಿಟ್ಟ ಆಹಾರ ಕೆಟ್ಟು ಹುಟ್ಟುವ ಬಾಟುಲಿಸಮ್ ಎಂಬ ವಿಷದ ವಿಚಾರದಲ್ಲಿ ಅವರ ಮಾತಿಗೆ ಬಹಳ ಬೆಲೆಯಿತ್ತು. ಕುದುರೆಗಳನ್ನು ಕೊಲ್ಲುತ್ತಿದ್ದದ್ದು ಮೇವಿನ ವಿಷವೇ ಆಗಿದ್ದರೆ ಅದನ್ನು ಗುರುತಿಸಲು ಅವರಿಗಿಂತ ತಕ್ಕವರು ಇರಲಿಲ್ಲ. ಆದರೆ ಸತ್ತ ಕುದುರೆಗಳ ಮೆದುಳನ್ನು ನೋಡಿದಾಗ ಇದು ಮೇವಿನ ವಿಷವಲ್ಲ, ಮೆದುಳಿಗೇ ತಗುಲಿದ ಸೋಂಕು ಎಂಬ ಸಂದೇಹ ಅವರಲ್ಲಿ ಬೆಳೆಯಿತು.

ಸಂದೇಹವನ್ನು ಸಿದ್ಧಪಡಿಸುವುದು ಮಾತ್ರ ಸುಲಭವಾಗಿರಲಿಲ್ಲ. ಸತ್ತ ಕುದುರೆಯ ಮೆದುಳನ್ನು ತಂದು ಎಷ್ಟು ಪರೀಕ್ಷಿಸಿದರೂ ಏನೂ ಸಿಕ್ಕಲಿಲ್ಲ. ಪ್ರಾಣಿ ಸಾಯುವ ಹೊತ್ತಿಗೆ ಕಳ್ಳನು ಮನೆಯನ್ನು ದೋಚಿಕೊಂಡು ಹೊರಟುಹೋಗಿರುತ್ತಾನೆಂದು ಮೇಯರರು ಊಹಿಸಿದರು. ಅವನು ಇನ್ನೂ ಒಳಗಿರುವಾಗಲೇ ಬಾಗಿಲು ತೆರೆಯಬೇಕು. ಅಂದರೆ, ಆಗತಾನೆ ಕಾಯಿಲೆ ಬಿದ್ದ ಕುದುರೆಯೊಂದರ ಮೆದುಳು ಬೇಕು.

ಅಂಥ ಕುದುರೆಯೊಂದು ಮೆರ್ಸೆಡ್ ಎಂಬ ಊರಿನ ಬಳಿ ಇದೆಯೆಂದು ಸುದ್ದಿ ಬಂತು. ಮೇಯರರು ಅಲ್ಲಿಗೆ ಹೋದರು. ಕುದುರೆಯ ಯಜಮಾನ ಒಪ್ಪಲಿಲ್ಲ. ಅವನನ್ನು ಹಳಿಯುವುದು ನ್ಯಾಯವಲ್ಲ. ಅದು ದೇಶದಲ್ಲೆಲ್ಲ ವ್ಯಾಪಾರ ಬಿದ್ದುಹೋಗಿ, ಕೈಯಲ್ಲಿ ಕಾಸಿಲ್ಲದೆ ಜನರು ಕಂಗೆಟ್ಟಿದ್ದ ವರ್ಷ. ಕುದುರೆ ಹೋದರೆ ಬೇಸಾಯ ಹೋಯಿತು. ಕಾಯಿಲೆ ಬಿದ್ದ ಕುದುರೆಗಳಲ್ಲಿ ಅರ್ಧ ಬದುಕುತ್ತಿದ್ದವು. ತನ್ನದೂ ಬದುಕಬಹುದೆಂಬ ಆಸೆ ಅವನಿಗಿದ್ದರೆ ಅದರಲ್ಲಿ ತಪ್ಪೇನು? ಪಟ್ಟಣದಿಂದ ಮೋಟಾರಿನಲ್ಲಿ ಬಂದ ಪಂಡಿತರು, ಉಸಿರಾಡುತ್ತಿರುವ ಪ್ರಾಣಿಯ ತಲೆಯನ್ನು ಕೇಳಿದರೆ ಯಾವ ರೈತನು ತಾನೆ ಕೊಟ್ಟಾನು?

ಮುಂದಿನದು ಮೇಯರರೇ ಹೇಳಿಕೊಂಡ ಕಥೆ. ಗಂಡ ಒಪ್ಪದ್ದನ್ನು ಕಂಡು ಅವರು ಹೆಂಡತಿಯ ಬಳಿ ಮಾತನಾಡಿದರು. 20 ಡಾಲರು ಕೊಡುವುದಾಗಿ ಹೇಳಿದರು. ಗಂಡನಿಗೆ ನಿದ್ದೆ ಹತ್ತಿದೊಡನೆ ಸನ್ನೆ ಮಾಡುವುದಾಗಿ ಆಕೆ ಒಪ್ಪಿಕೊಂಡಳು. ದೊಡ್ಡ ಸಂಸ್ಥೆಯ ನಿರ್ದೇಶಕರು ತಮ್ಮ ಸಂಗಡಿಗರೊಡನೆ, ಹಿತ್ತಲಿಗೆ ನುಗ್ಗಲು ಬಂದವರಂತೆ, ಕತ್ತಲಲ್ಲಿ ಕಾದು ಕುಳಿತರು. ಮನೆಯೊಳಗಿನಿಂದ ಸನ್ನೆಯಾಯಿತು. ಕುದುರೆಯ ತಲೆಯನ್ನು ತೆಗೆದುಕೊಂಡು ಮೋಟಾರಿಗೆ ಹಾಕಿ, ಸುಮಾರು 200 ಕಿಲೋಮೀಟರು ದೂರದ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಗಾಡಿಯನ್ನು ಓಡಿಸಿದರು.

ಕೇಳುವವರಿಗೆ ನಗೆ ತರಿಸುವ ಪ್ರಸಂಗ. ಆದರೆ ಆ ಹೆಣ್ಣುಮಗಳ ಇಕ್ಕಟ್ಟನ್ನು ನೆನೆದರೆ ನಗೆ ಅರ್ಧಕ್ಕೆ ನಿಲ್ಲುತ್ತದೆ. ಇತ್ತ ಕಟ್ಟಿಕೊಂಡ ಗಂಡನ ಮಾತು. ಅತ್ತ ಉಳಿಯುತ್ತದೋ ಇಲ್ಲವೋ ತಿಳಿಯದ ಕುದುರೆ. ನಡುವೆ, ಬರಿಗೈಯಾದ ಸಂಸಾರಕ್ಕೆ 20 ಡಾಲರು. ಸಂಸಾರ ನಡೆಸುವ ಹೆಂಗಸರು ಇಂಥ ಲೆಕ್ಕಗಳನ್ನು ಮನಸ್ಸಿನಲ್ಲಿಯೇ ಮಾಡಿ ಮುಗಿಸುತ್ತಾರೆ. ಕುದುರೆಯನ್ನು ಕಳೆದುಕೊಂಡ ರೈತನಿಗೆ ವಂಚನೆಯಾದದ್ದು ನಿಜ. ಆ ವಂಚನೆಯಿಂದ ಲೋಕಕ್ಕೆ ಲಾಭವಾದದ್ದೂ ನಿಜ. ಒಂದು ನಿಜವು ಇನ್ನೊಂದನ್ನು ಅಳಿಸಿಹಾಕುವುದಿಲ್ಲ.

ಪ್ರಯೋಗಶಾಲೆಯಲ್ಲಿ ಆ ಮೆದುಳಿನ ಅಂಶವನ್ನು ಗಿನಿಹಂದಿಗಳಿಗೆ ಚುಚ್ಚಲಾಯಿತು. ಅವೂ ಅದೇ ರೀತಿಯಲ್ಲಿ ಕಾಯಿಲೆ ಬಿದ್ದವು. ಬ್ಯಾಕ್ಟೀರಿಯಗಳನ್ನು ತಡೆದು ನಿಲ್ಲಿಸುವಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿದರೂ ರೋಗದ ಬೀಜ ಆಚೆಗೆ ನುಸುಳಿಹೋಗುತ್ತಿತ್ತು. ಆದುದರಿಂದ ಅದು ವೈರಸ್ಸು. ಮೇಯರ್, ಹೇರಿಂಗ್ ಮತ್ತು ಬಿಯಾಟ್ರಿಸ್ ಹೊವಿಟ್ ಎಂಬ ಮೂವರು 1931ರಲ್ಲಿ ಇದನ್ನು ಪ್ರಕಟಿಸಿದರು. ಕುದುರೆಗಳ ಮೆದುಳು ಬೇನೆಗೆ ಮೇವು ಕಾರಣವಲ್ಲವೆಂದು ಅಂದು ತೀರ್ಮಾನವಾಯಿತು.

ಕಳ್ಳನಾರೆಂದು ತಿಳಿಯಿತು, ಅವನು ಯಾವ ದಾರಿಯಿಂದ ಮನೆಗೆ ಬರುತ್ತಾನೆಂದು ತಿಳಿಯಲಿಲ್ಲ. ಪಕ್ಕಪಕ್ಕದಲ್ಲಿ ಕಟ್ಟಿದ ಎರಡು ಕುದುರೆಗಳಲ್ಲಿ ಒಂದಕ್ಕೆ ಬಂದು ಇನ್ನೊಂದಕ್ಕೆ ಬಾರದೆ ಹೋಗುತ್ತಿತ್ತು. ಮೈಲಿಗಟ್ಟಲೆ ದೂರವಿದ್ದು, ಒಂದನ್ನೊಂದು ಕಂಡೇ ಇಲ್ಲದ ಕುದುರೆಗಳಿಗೆ ಒಂದೇ ವಾರದಲ್ಲಿ ಬರುತ್ತಿತ್ತು. ಲಾಯದೊಳಗೆ ಇದ್ದವುಗಳಿಗಿಂತ ಹುಲ್ಲುಗಾವಲಿನಲ್ಲಿ ರಾತ್ರಿ ಕಳೆಯುವವುಗಳಿಗೆ ಹೆಚ್ಚು. ಬೇಸಗೆ ಏರಿದಂತೆ ಏರಿ, ಹಿಮ ಬಿದ್ದೊಡನೆ ನಿಲ್ಲುವುದು ಅದರ ಕ್ರಮ. ಇಷ್ಟು ಸುಳಿವುಗಳನ್ನು ಒಟ್ಟಿಗಿಟ್ಟು ನೋಡಿದರೆ ರೆಕ್ಕೆಯುಳ್ಳ ಯಾವುದೋ ಸಣ್ಣ ಜೀವದ ಮೇಲೆ ಸಂಶಯ ಬಾರದಿರದು. 1933ರಲ್ಲಿ ಅಮೆರಿಕದ ಸೈನ್ಯದ ಪಶುವೈದ್ಯರಾದ ಕೆಲ್ಸರ್ ಅವರು, ಸೊಳ್ಳೆಯು ಈ ವೈರಸ್ಸನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಾಗಿಸಬಲ್ಲದೆಂದು ಪ್ರಯೋಗ ಮಾಡಿ ತೋರಿಸಿದರು.

ಇಷ್ಟಾಗುವುದರೊಳಗೆ ವಿಷಯವು ಕುದುರೆ ಲಾಯವನ್ನು ದಾಟಿ ಮನೆಯ ಹೊಸ್ತಿಲಿಗೆ ಬಂದಿತ್ತು. ಕಾಯಿಲೆಯ ಕುದುರೆಗಳ ನಡುವೆ ಕೆಲಸ ಮಾಡುತ್ತಿದ್ದ ಮೂವರಿಗೆ ಅದೇ ಬಗೆಯ ಮೆದುಳಿನ ಬೇನೆ ಬಂದದ್ದನ್ನು ಮೇಯರರು 1932ರಲ್ಲಿಯೇ ಎತ್ತಿ ಹೇಳಿದ್ದರು. 1933ರಲ್ಲಿ ಅಮೆರಿಕದ ಪೂರ್ವ ಕರಾವಳಿಯ ಕುದುರೆಗಳಲ್ಲಿ ಇದರ ದಾಯಾದಿಯಾದ ಇನ್ನೊಂದು ವೈರಸ್ಸು ಸಿಕ್ಕಿತು. ಅದು ಇನ್ನೂ ಕ್ರೂರ. ಹಿಡಿದ ಕುದುರೆಗಳಲ್ಲಿ ಹತ್ತರಲ್ಲಿ ಒಂಬತ್ತನ್ನು ಬಿಡುತ್ತಿರಲಿಲ್ಲ. 1938ರ ಬೇಸಗೆಯಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತ್ಯದಲ್ಲಿ ಮೊದಲು ಕುದುರೆಗಳು ಸಾಯತೊಡಗಿದವು. ಕೆಲವು ವಾರ ಕಳೆದ ಮೇಲೆ ಮಕ್ಕಳು ಕಾಯಿಲೆ ಬಿದ್ದರು. ಮೂವತ್ತಕ್ಕೂ ಹೆಚ್ಚು ಜನರಿಗೆ ಬೇನೆ ಬಂದು, ಅವರಲ್ಲಿ ಹೆಚ್ಚಿನವರು ತೀರಿಕೊಂಡರು. ಅದೇ ವರ್ಷ ಕ್ಯಾಲಿಫೋರ್ನಿಯದಲ್ಲಿ, ಮೇಯರರ ಜೊತೆಗಾರ್ತಿ ಹೊವಿಟ್ ಅವರು, ತೀರಿಕೊಂಡ ಮಗುವೊಂದರ ಮೆದುಳಿನಲ್ಲಿ ಕುದುರೆಯ ವೈರಸ್ಸನ್ನೇ ಕಂಡರು. ಎಂಟು ವರ್ಷಗಳ ಹಿಂದೆ ಕುದುರೆಯ ತಲೆಯಲ್ಲಿ ದೊರೆತದ್ದು ಈಗ ತೊಟ್ಟಿಲಿನ ಪಕ್ಕದಲ್ಲಿ ದೊರೆಯಿತು.

ಇಂಥ ಸುದ್ದಿ ಹಬ್ಬಿದಾಗ ಜನರು ಯಾರನ್ನು ದೂರಿಯಾರೆಂದು ಊಹಿಸುವುದು ಕಷ್ಟವಲ್ಲ. ಕುದುರೆಗೆ ಬಂತು, ಮನುಷ್ಯನಿಗೆ ಬಂತು. ಆದ್ದರಿಂದ ಕುದುರೆಯಿಂದಲೇ ಬಂತು ಎಂದು ತೋರುವುದು ಸಹಜ. ಆದರೆ ಇಬ್ಬರು ನೆರೆಹೊರೆಯವರ ಮನೆಯಲ್ಲಿ ಒಂದೇ ರಾತ್ರಿ ಕಳವಾದರೆ ಮೊದಲನೆಯವನೇ ಎರಡನೆಯವನ ಮನೆಗೆ ಕನ್ನ ಹಾಕಿದನೆಂದು ಹೇಳಬಹುದೆ?

ಕುದುರೆಯನ್ನು ಈ ಅಪವಾದದಿಂದ ಬಿಡಿಸಿದವರಲ್ಲಿ ವಿಲಿಯಂ ಹ್ಯಾಮನ್ ಮತ್ತು ವಿಲಿಯಂ ರೀವ್ಸ್ ಮುಖ್ಯರು. 1941ರಲ್ಲಿ ಅವರು ವಾಷಿಂಗ್ಟನ್ ಪ್ರಾಂತ್ಯದ ಯಾಕಿಮಾ ಕಣಿವೆಯಲ್ಲಿ ಸೊಳ್ಳೆಗಳನ್ನು ಹಿಡಿದು, ಜಾತಿವಾರು ವಿಂಗಡಿಸಿ, ಅರೆದು ಪರೀಕ್ಷಿಸುವ ಕೆಲಸಕ್ಕೆ ಕೈಹಾಕಿದರು. ಕ್ಯೂಲೆಕ್ಸ್ ಟಾರ್ಸಾಲಿಸ್ ಎಂಬ ಜಾತಿಯ ಸೊಳ್ಳೆಯಲ್ಲಿ ವೈರಸ್ಸು ಸಿಕ್ಕಿತು. ಈ ಸೊಳ್ಳೆಗೆ ಹಕ್ಕಿಯ ರಕ್ತ ಬಹಳ ಪ್ರಿಯ. ವೈರಸ್ಸಿನ ನಿಜವಾದ ತವರುಮನೆ ಹಕ್ಕಿಗಳೇ ಎಂದು ಕ್ರಮೇಣ ಗೊತ್ತಾಯಿತು. ಗುಬ್ಬಿಯಂಥ ಸಣ್ಣ ಹಕ್ಕಿಗಳ ರಕ್ತದಲ್ಲಿ ಅದು ಕೆಲವು ದಿನ ಬೆಳೆಯುತ್ತದೆ. ಹಕ್ಕಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸೊಳ್ಳೆ ಅದನ್ನು ಹೀರಿ, ಕೆಲವು ದಿನಗಳ ಮೇಲೆ ಇನ್ನೊಂದು ಹಕ್ಕಿಗೆ ಕೊಡುತ್ತದೆ. ಹಕ್ಕಿಯಿಂದ ಸೊಳ್ಳೆ, ಸೊಳ್ಳೆಯಿಂದ ಹಕ್ಕಿ - ಈ ರಾಟೆ ಕಣ್ಣಿಗೆ ಬೀಳದೆ ತಿರುಗುತ್ತಲೇ ಇರುತ್ತದೆ. ಬೇಸಗೆ ಮುಂದುವರಿದು ಸೊಳ್ಳೆಗಳು ಹೆಚ್ಚಿ, ಅವು ಹಕ್ಕಿಯನ್ನು ಬಿಟ್ಟು ದೊಡ್ಡ ಪ್ರಾಣಿಗಳ ಕಡೆಗೂ ತಿರುಗಿದಾಗ ಕುದುರೆಗೂ ಮನುಷ್ಯನಿಗೂ ಕಾಯಿಲೆ ಬರುತ್ತದೆ.

ಬಂದ ಮೇಲೆ ಅಲ್ಲಿಗೇ ನಿಲ್ಲುತ್ತದೆ. ಕುದುರೆಯ ರಕ್ತದಲ್ಲಿಯೂ ಮನುಷ್ಯನ ರಕ್ತದಲ್ಲಿಯೂ ಈ ವೈರಸ್ಸು, ಕಚ್ಚಿದ ಸೊಳ್ಳೆಗೆ ಅಂಟುವಷ್ಟು ಹೆಚ್ಚುವುದಿಲ್ಲ. ಆ ಮಟ್ಟಿಗೆ ಇಬ್ಬರೂ ರಸ್ತೆ ಮುಗಿಯುವ ಮನೆಗಳು. ಬಯಲಿನಲ್ಲಿ ಹಗಲೂ ರಾತ್ರಿಯೂ ನಿಂತು, ತನ್ನ ದೊಡ್ಡ ಮೈಯನ್ನು ನೂರಾರು ಸೊಳ್ಳೆಗಳಿಗೆ ಒಡ್ಡಿದ ಕುದುರೆ ಮೊದಲು ಬೀಳುತ್ತದೆ. ಸಂಜೆಯ ಹೊತ್ತು ಅಂಗಳದಲ್ಲಿ ಆಡುವ ಮಗು ಆಮೇಲೆ ಬೀಳುತ್ತದೆ. ಕುದುರೆ ರೋಗವನ್ನು ಕೊಟ್ಟಿಲ್ಲ. ರೋಗ ಊರಿನೊಳಗೆ ಬಂದಿದೆಯೆಂದು ಹೇಳಿದೆ, ಅಷ್ಟೆ.

ಈ ತಿಳಿವಳಿಕೆ ಬಂದ ಮೇಲೆ ತಡೆಯುವ ದಾರಿಯೂ ಎರಡಾಯಿತು. ಒಂದು, ಕುದುರೆಯನ್ನು ಕಾಪಾಡುವುದು. ಎರಡು, ಸೊಳ್ಳೆಯನ್ನು ಅಡಗಿಸುವುದು. ಒಂದನ್ನು ಮಾಡಿದರೆ ಇನ್ನೊಂದನ್ನು ಮಾಡಿದಂತಾಗುವುದಿಲ್ಲವೆಂಬುದು ಇಲ್ಲಿನ ಮುಖ್ಯ ಪಾಠ.

ಕುದುರೆಗೆ ಲಸಿಕೆ ಬಂತು. ಮರಿಯಾಗುವ ಕೋಳಿಮೊಟ್ಟೆಯೊಳಗೆ ವೈರಸ್ಸನ್ನು ಬೆಳೆಸಿ, ಫಾರ್ಮಲಿನ್ನಿನಲ್ಲಿ ಕೊಂದು ತಯಾರಿಸಿದ ಚುಚ್ಚುಮದ್ದು 1938ರ ಹೊತ್ತಿಗೆ ಬಳಕೆಗೆ ಬರತೊಡಗಿತು. ಅದೇ ವರ್ಷ ಅಮೆರಿಕದಲ್ಲಿ ಸುಮಾರು 1,84,000 ಕುದುರೆಗಳು ಈ ಬೇನೆಗೆ ಸಿಕ್ಕಿದ್ದವು. ಮುಂದಿನ ವರ್ಷಗಳಲ್ಲಿ ಲಕ್ಷಗಟ್ಟಲೆ ಕುದುರೆಗಳಿಗೆ ಲಸಿಕೆ ಹಾಕಿದರು. ಇಂದಿಗೂ ಆ ದೇಶದಲ್ಲಿ ಪಶುವೈದ್ಯರು ವರ್ಷವರ್ಷವೂ ಸೊಳ್ಳೆಯ ಕಾಲ ತೊಡಗುವ ಮುಂಚೆ ಕುದುರೆಗಳಿಗೆ ಇದನ್ನು ಹಾಕಿಸಬೇಕೆಂದು ಹೇಳುತ್ತಾರೆ. ರೋಗ ಹಿಡಿದ ಮೇಲೆ ಅದನ್ನು ಓಡಿಸುವ ಮದ್ದು ಇಂದಿಗೂ ಇಲ್ಲ. ನೀರು ಕುಡಿಸಿ, ಜ್ವರವಿಳಿಸಿ, ಬಿದ್ದು ಗಾಯ ಮಾಡಿಕೊಳ್ಳದಂತೆ ಹುಲ್ಲು ಹಾಸಿ ಆರೈಕೆ ಮಾಡುವುದಷ್ಟೇ ಮನುಷ್ಯನ ಕೈಯಲ್ಲಿರುವುದು.

ಆದರೆ ಲಸಿಕೆ ಹಾಕಿಸಿಕೊಂಡ ಕುದುರೆ ತಾನು ಬದುಕಿಕೊಂಡಿತೇ ಹೊರತು ಪಕ್ಕದ ಮನೆಯ ಮಗುವನ್ನು ಉಳಿಸಲಿಲ್ಲ. ರಾಟೆ ತಿರುಗುತ್ತಿದ್ದದ್ದು ಹಕ್ಕಿಗೂ ಸೊಳ್ಳೆಗೂ ನಡುವೆ. ಕುದುರೆಗೆ ಚುಚ್ಚಿದ ಮದ್ದು ಅದನ್ನು ಹೇಗೆ ನಿಲ್ಲಿಸೀತು? ಅಷ್ಟೇ ಅಲ್ಲ, ಲಸಿಕೆ ಪಡೆದ ಕುದುರೆ ಕಾಯಿಲೆ ಬೀಳುವುದಿಲ್ಲವಾದ್ದರಿಂದ ರೋಗ ಬಂತೆಂದು ಹೇಳುವ ಸಾಕ್ಷಿಯ ಬಾಯಿಯೂ ಕಟ್ಟಿಹೋಯಿತು. 1941ರಲ್ಲಿ ಅಮೆರಿಕದ ಉತ್ತರದ ಬಯಲುಗಳಲ್ಲಿಯೂ ಕೆನಡದಲ್ಲಿಯೂ ಸೇರಿ 3,000ಕ್ಕೂ ಹೆಚ್ಚು ಜನರಿಗೆ ಈ ಬೇನೆ ಬಂತು. 1952ರಲ್ಲಿ ಕ್ಯಾಲಿಫೋರ್ನಿಯದ ಅದೇ ಕಣಿವೆಯ ಸೀಮೆಯಲ್ಲಿ ಮತ್ತೆ ನೂರಾರು ಜನರು ಹಾಸಿಗೆ ಹಿಡಿದರು. ಹಸುಗೂಸುಗಳಿಗೆ ತಗುಲಿದಾಗ ಪ್ರಾಣ ಉಳಿದರೂ ಬುದ್ಧಿ ಬೆಳೆಯದೆ ಹೋಗುವ ಭಯವಿತ್ತು.

ಆಗ ಜನರ ದೃಷ್ಟಿ ನೀರಿನ ಕಡೆಗೆ ತಿರುಗಿತು. ಕಣಿವೆಯನ್ನು ಸಾಕುತ್ತಿದ್ದ ಕಾಲುವೆಯೇ ಸೊಳ್ಳೆಯನ್ನೂ ಸಾಕುತ್ತಿತ್ತು. ಹೊಲಕ್ಕೆ ಬೇಕಾದುದಕ್ಕಿಂತ ಹೆಚ್ಚು ನೀರು ಬಿಟ್ಟು, ಉಳಿದದ್ದು ತಗ್ಗಿನಲ್ಲಿ ಒಂದು ವಾರ ನಿಂತರೆ ಸಾಕು, ಅಲ್ಲಿ ಸೊಳ್ಳೆಮರಿಗಳ ಪಾಠಶಾಲೆ. ಇದನ್ನು ತಡೆಯಲು ಊರೂರಿಗೆ ಸೊಳ್ಳೆ ನಿವಾರಣೆಯ ಮಂಡಲಿಗಳು ಕೆಲಸ ಮಾಡಿದವು. ಹೊಲಗಳನ್ನು ಮಟ್ಟ ಮಾಡಿದರು; ಬಚ್ಚಲ ನೀರಿಗೂ ಹೆಚ್ಚುವರಿ ನೀರಿಗೂ ಹೊರದಾರಿ ತೋಡಿದರು. ನಿಂತ ನೀರಿನ ಮೇಲೆ ಎಣ್ಣೆ ಹಾಕಿದರು. ಸೊಳ್ಳೆಮರಿಗಳನ್ನು ತಿನ್ನುವ ಗ್ಯಾಂಬೂಸಿಯ ಮೀನನ್ನು ಕೊಳಗಳಲ್ಲಿ ಬಿಟ್ಟರು. ಎರಡನೆಯ ಮಹಾಯುದ್ಧದ ತರುವಾಯ ಡಿಡಿಟಿ ಬಂದಾಗ ಇನ್ನು ಚಿಂತೆ ಮುಗಿಯಿತೆಂದು ಹಿಗ್ಗಿದರು. ಕೆಲವೇ ವರ್ಷಗಳಲ್ಲಿ ಸೊಳ್ಳೆಗಳು ಆ ಮದ್ದನ್ನು ಜೀರ್ಣಿಸಿಕೊಳ್ಳಲು ಕಲಿತವು. ಮನುಷ್ಯರು ಮತ್ತೆ ಗುದ್ದಲಿ ಹಿಡಿದು ಕಾಲುವೆಯ ಕಡೆಗೆ ಹೋದರು.

ಹೊಲದಲ್ಲಿ ಟ್ರ್ಯಾಕ್ಟರು ಬಂದು ಕುದುರೆ ಹೊರಟುಹೋದಾಗ ಸಾಕ್ಷಿಯ ಕೆಲಸಕ್ಕೆ ಬೇರೊಬ್ಬರು ಬೇಕಾದರು. ಆ ಕೆಲಸ ಕೋಳಿಗೆ ಬಂತು. ಕ್ಯಾಲಿಫೋರ್ನಿಯದಲ್ಲಿ ಇಂದಿಗೂ ಅಲ್ಲಲ್ಲಿ ಕೋಳಿಗಳ ಸಣ್ಣ ಸಣ್ಣ ಗುಂಪುಗಳನ್ನು ಸಾಕಿ, ಸೊಳ್ಳೆಯ ಕಾಲದಲ್ಲಿ ಆಗಾಗ ಅವುಗಳ ರಕ್ತದ ಹನಿಯನ್ನು ತೆಗೆದು ಪರೀಕ್ಷಿಸುತ್ತಾರೆ. ಸೊಳ್ಳೆ ಕಚ್ಚಿದರೆ ಕೋಳಿಗೆ ಕಾಯಿಲೆ ಬರುವುದಿಲ್ಲ. ಅದರ ರಕ್ತದಲ್ಲಿ ಗುರುತು ಮಾತ್ರ ಉಳಿಯುತ್ತದೆ. ಕುದುರೆ ಪ್ರಾಣ ಕೊಟ್ಟು ಹೇಳುತ್ತಿದ್ದ ಮಾತನ್ನು ಕೋಳಿ ಒಂದು ಹನಿ ರಕ್ತದಲ್ಲಿ ಹೇಳಿ, ಮತ್ತೆ ಕಾಳು ಹೆಕ್ಕಲು ಹೋಗುತ್ತದೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಕುದುರೆ ಎಂದೆಂದಿಗೂ ನಿರಪರಾಧಿಯೆಂದು ಹೇಳಿ ನಿಶ್ಚಿಂತರಾಗಬಹುದಾಗಿತ್ತು. ಆದರೆ ಪ್ರಕೃತಿಯು ಒಂದೇ ಪಾಠವನ್ನು ಎಲ್ಲ ಕಡೆಯಲ್ಲಿಯೂ ಒಪ್ಪಿಸುವುದಿಲ್ಲ. ಈ ವೈರಸ್ಸುಗಳ ಮನೆತನದಲ್ಲಿ ವೆನೆಜುವೆಲಾ ದೇಶದ ಹೆಸರನ್ನು ಹೊತ್ತ ಮೂರನೆಯದೊಂದಿದೆ. ಅದು ಕುದುರೆಯೊಳಗೆ ಹೊಕ್ಕರೆ ರಕ್ತದಲ್ಲಿ ಉಕ್ಕಿ ಬೆಳೆಯುತ್ತದೆ. ಕಚ್ಚಿದ ಸೊಳ್ಳೆಗಳಿಗೆಲ್ಲ ಅಂಟುತ್ತದೆ. ಇಲ್ಲಿ ಕುದುರೆಯೇ ರಾಟೆಯ ಗುಂಬ. 1969ರಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲ ಮೊದಲಾದ ದೇಶಗಳಲ್ಲಿ ತಲೆಯೆತ್ತಿದ ಈ ಬೇನೆ ಮೆಕ್ಸಿಕೋವನ್ನು ದಾಟಿ 1971ರ ಬೇಸಗೆಯಲ್ಲಿ ಅಮೆರಿಕದ ಟೆಕ್ಸಾಸಿಗೆ ಬಂತು. ಅಲ್ಲಿ 1,500ರಷ್ಟು ಕುದುರೆಗಳು ಸತ್ತವು. ನೂರಕ್ಕೂ ಹೆಚ್ಚು ಜನರು ಕಾಯಿಲೆ ಬಿದ್ದರು.

ಆ ಸಲ ಸರಕಾರವು ತಡಮಾಡಲಿಲ್ಲ. ಕುದುರೆಗಳನ್ನು ಊರಿನಿಂದ ಊರಿಗೆ ಸಾಗಿಸಕೂಡದೆಂದು ಕಟ್ಟುಮಾಡಿತು. ವಿಮಾನಗಳಿಂದ ಲಕ್ಷಾಂತರ ಎಕರೆ ನೆಲದ ಮೇಲೆ ಸೊಳ್ಳೆಯ ಮದ್ದನ್ನು ಸಿಂಪಡಿಸಿತು. ಸೈನ್ಯದ ಪ್ರಯೋಗಶಾಲೆಯಲ್ಲಿ ಹಿಂದೆಯೇ ತಯಾರಾಗಿದ್ದ ಟಿಸಿ-83 ಎಂಬ ಲಸಿಕೆಯನ್ನು ಹೊರತೆಗೆದು, 19 ಪ್ರಾಂತ್ಯಗಳಲ್ಲಿ ಸುಮಾರು 28 ಲಕ್ಷ ಕುದುರೆಗಳಿಗೆ ಹಾಕಿಸಿತು. ರೋಗ ಟೆಕ್ಸಾಸಿನಿಂದಾಚೆಗೆ ಕಾಲಿಡಲಿಲ್ಲ. ಹಿಂದಿನ ಎರಡು ಬೇನೆಗಳಲ್ಲಿ ಕುದುರೆಯ ಲಸಿಕೆ ಕುದುರೆಗೆ ಮಾತ್ರ ರಕ್ಷೆ; ಇಲ್ಲಿ ಅದೇ ಲಸಿಕೆ ಮನುಷ್ಯನಿಗೂ ರಕ್ಷೆಯಾಯಿತು. ಹೆಸರುಗಳು ಹೋಲುತ್ತವೆಂದು ಉಪಾಯವೂ ಒಂದೇ ಎಂದು ತಿಳಿದಿದ್ದರೆ ಕೆಲಸ ಕೆಡುತ್ತಿತ್ತು.

ಈ ಬೇನೆ ಮಧ್ಯ ಅಮೆರಿಕಕ್ಕೆ ಬಂದ ಬಗೆ ಇನ್ನೂ ಹೆಚ್ಚಿನ ಎಚ್ಚರಿಕೆಯನ್ನು ಹೇಳುತ್ತದೆ. ಆ ಕಾಲದ ವೈರಸ್ಸುಗಳ ವಂಶವನ್ನು ಮುಂದೆ ಪರೀಕ್ಷಿಸಿದವರು, ಲಸಿಕೆಯೊಳಗೆ ಪೂರ್ತಿಯಾಗಿ ಸಾಯದೆ ಉಳಿದಿದ್ದ ವೈರಸ್ಸೇ ಮತ್ತೆ ಹೊರಬಿದ್ದಿರಬೇಕೆಂದು ತೀರ್ಮಾನಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಲಸಿಕೆ ಬೇಡವೆಂಬುದು ಇದರ ಅರ್ಥವಲ್ಲ. ಟೆಕ್ಸಾಸನ್ನು ಉಳಿಸಿದ್ದೂ ಲಸಿಕೆಯೇ. ಮಾಡುವ ಕೈ ಅವಸರ ಪಟ್ಟರೆ ಮದ್ದೂ ರೋಗವಾದೀತೆಂಬುದಷ್ಟೇ ಅದರ ತಾತ್ಪರ್ಯ.

ಇದೆಲ್ಲ ಸಮುದ್ರದಾಚೆಯ ಮಾತು, ಕನ್ನಡ ನಾಡಿಗೆ ಇದರಿಂದೇನು ಎಂದು ಯಾರಾದರೂ ಕೇಳಬಹುದು. ಆ ಮೂರು ವೈರಸ್ಸುಗಳು ಈ ನಾಡಿನವಲ್ಲ, ನಿಜ. ಆದರೆ ಅದೇ ರೀತಿಯ ರಾಟೆ ಇಲ್ಲಿಯೂ ತಿರುಗುತ್ತದೆ. ಹಳ್ಳಿಯ ಜನರು ಮೆದುಳು ಜ್ವರವೆಂದು ಕರೆಯುವ ಜಪಾನೀ ಎನ್‌ಕೆಫಲೈಟಿಸ್ 1970ರ ದಶಕದ ಕೊನೆಯಲ್ಲಿ ಕೋಲಾರ, ಮಂಡ್ಯ ಸೀಮೆಗಳ ಮಕ್ಕಳನ್ನು ಕಾಡಿತು. ಅದರ ವೈರಸ್ಸು ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿಯೂ ಹಂದಿಗಳಲ್ಲಿಯೂ ಬೆಳೆಯುತ್ತದೆ; ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳು ಅದನ್ನು ಸಾಗಿಸುತ್ತವೆ. ಕುದುರೆಗೂ ಈ ಬೇನೆ ತಗುಲುತ್ತದೆ. ಅಲ್ಲಿಯೂ ಕುದುರೆ ಮತ್ತು ಮನುಷ್ಯ ಇಬ್ಬರೂ ರಸ್ತೆ ಮುಗಿಯುವ ಮನೆಗಳೇ. ಮಕ್ಕಳಿಗೆ ಇದರ ಲಸಿಕೆ ಹಾಕುವ ಕೆಲಸ ಭಾರತದಲ್ಲಿ 2006ರಿಂದ ವಿಸ್ತಾರವಾಗಿ ನಡೆದಿದೆ. ಆದರೆ ಸೊಳ್ಳೆ ಹುಟ್ಟುವ ನೀರಿಗೆ ಲಸಿಕೆಯಿಲ್ಲ.

ಪ್ರಾಣಿ ಮೊದಲು ಬಿದ್ದು ಮನುಷ್ಯನಿಗೆ ಎಚ್ಚರಿಕೆ ಕೊಡುವ ಸಂಗತಿಯೂ ಈ ನಾಡಿಗೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಮಂಗಗಳು ಸತ್ತವು, ಆಮೇಲೆ ಮನುಷ್ಯರು ಜ್ವರ ಬಿದ್ದರು. ಅದಕ್ಕೆ ಮಂಗನ ಕಾಯಿಲೆಯೆಂದೇ ಹೆಸರಾಯಿತು. ರೋಗವನ್ನು ಹೊತ್ತು ತಂದದ್ದು ಕಾಡಿನ ಉಣುಗು. ಹೆಸರು ಮಾತ್ರ ಸತ್ತುಬಿದ್ದ ಮಂಗನಿಗೆ ಅಂಟಿತು. ಮಲೆನಾಡಿನಲ್ಲಿ ಮಂಗ ಸತ್ತು ಬಿದ್ದದ್ದನ್ನು ಕಂಡವರು ಅಧಿಕಾರಿಗಳಿಗೆ ತಿಳಿಸಬೇಕೆಂದು ಇಂದಿಗೂ ಹೇಳುವುದು, ಆ ಸಾಕ್ಷ್ಯ ವ್ಯರ್ಥವಾಗಬಾರದೆಂದು.

ಮೇಯರರು 1974ರವರೆಗೆ ಬಾಳಿದರು. ಮೂಕಪ್ರಾಣಿಗಳ ರೋಗವನ್ನೂ ಮನುಷ್ಯರ ರೋಗವನ್ನೂ ಒಂದೇ ಗ್ರಂಥದ ಎರಡು ಪುಟಗಳಂತೆ ಓದಬೇಕೆಂಬುದನ್ನು ತಮ್ಮ ಕೆಲಸದಿಂದ ತೋರಿಸಿಕೊಟ್ಟರು. ಅವರು ಕಂಡುಹಿಡಿದ ವೈರಸ್ಸು ಅಮೆರಿಕದಲ್ಲಿ ಬಹಳ ವರ್ಷಗಳಿಂದ ಅಡಗಿದೆ. ಆದರೆ 2023ರ ಕೊನೆಯಲ್ಲಿ ಅರ್ಜೆಂಟೀನ ಮತ್ತು ಉರುಗ್ವೆ ದೇಶಗಳ ಹುಲ್ಲುಗಾವಲುಗಳಲ್ಲಿ, ಹಲವು ದಶಕಗಳ ಮೌನದ ಬಳಿಕ, ಅದೇ ವೈರಸ್ಸಿನಿಂದ ಕುದುರೆಗಳು ಉರುಳತೊಡಗಿದವು. ಅವುಗಳ ಹಿಂದೆಯೇ, ಅರ್ಜೆಂಟೀನದಲ್ಲಿ ನೂರಕ್ಕೂ ಹೆಚ್ಚು ಜನರು ಕಾಯಿಲೆ ಬಿದ್ದರು. ಹಳೆಯ ಸಾಕ್ಷಿ ಮತ್ತೆ ನ್ಯಾಯಸ್ಥಾನಕ್ಕೆ ಬಂದು ಅದೇ ಮಾತನ್ನು ಅದೇ ಕ್ರಮದಲ್ಲಿ ಹೇಳಿತು.

ಮೆರ್ಸೆಡ್ಡಿನ ಆ ಕುದುರೆಗೆ ಯಾರೂ ಕಲ್ಲು ನೆಡಲಿಲ್ಲ. ನೆಡಬೇಕಾಗಿಯೂ ಇಲ್ಲ. ಸಂಜೆ ದೀಪ ಹಚ್ಚುವ ಮುಂಚೆ ಲಾಯದ ಬಾನಿಯ ಹಳೆಯ ನೀರನ್ನು ಚೆಲ್ಲುವ ಕುದುರೆಯಾಳು, ಹಿತ್ತಲಿನ ಒಡಕು ಮಡಕೆಯನ್ನು ಬೋರಲು ಹಾಕುವ ಗೃಹಿಣಿ, ಗದ್ದೆಯ ಹೆಚ್ಚುವರಿ ನೀರಿಗೆ ದಾರಿ ಬಿಡಿಸುವ ರೈತ - ಇವರೆಲ್ಲ ಅದರ ಮಾತನ್ನು ಕೇಳಿಸಿಕೊಂಡವರೇ. ಮೂಕಪ್ರಾಣಿಯೊಂದು ತಲೆ ಬಗ್ಗಿಸಿ ನಿಂತಾಗ ಅದರ ಮಾಲೀಕನು, ಮೇವು ಸೇರಲಿಲ್ಲವೆಂದು ಸುಮ್ಮನಾಗದೆ, ಪಶುವೈದ್ಯರನ್ನು ಅಂದೇ ಕರೆಸಿದರೆ ಸಾಕು. ಆ ರಾತ್ರಿ ಮೇಯರರು ಕತ್ತಲಲ್ಲಿ ಕದ್ದು ತಂದ ಸಾಕ್ಷ್ಯ, ಮತ್ತೊಂದು ಊರಿನಲ್ಲಿ ಯಾರೂ ಯಾರನ್ನೂ ವಂಚಿಸದೆಯೇ, ಹಗಲು ಬೆಳಕಿನಲ್ಲಿ ಸಿಕ್ಕಿದಂತಾಗುತ್ತದೆ.